ಅವರ ಕಾಯಿಲೆ, ಬೇರೆಯವರ ಬಾಯಲ್ಲಿ

ಹೊರರಾಜ್ಯದಿಂದಲೋ ಕಲ್ಯಾಣ ಕರ್ನಾಟಕದಿಂದಲೋ ಬೆಂಗಳೂರಿಗೆ ಬಂದು ಮನೆಗೆಲಸ ಮಾಡಿಕೊಂಡಿರುವ ಹೆಂಗಸೊಬ್ಬರು ದೊಡ್ಡ ಆಸ್ಪತ್ರೆಯ ವೈದ್ಯರ ಎದುರು ಕುಳಿತಾಗ, ಅವರ ಪರವಾಗಿ ಮಾತನಾಡುವವರೊಬ್ಬರು ಪಕ್ಕದಲ್ಲಿ ಇದ್ದೇ ಇರುತ್ತಾರೆ. ಗಂಡ, ದೊಡ್ಡ ಮಗಳು, ಪಕ್ಕದ ಶೆಡ್ಡಿನವರು, ಕೆಲಸಕ್ಕೆ ಸೇರಿಸಿದ ಹೆಂಗಸು, ಕೆಲವೊಮ್ಮೆ ಕೆಲಸದ ಮನೆಯ ಯಜಮಾನಿಯೇ. ವೈದ್ಯರು ಪ್ರಶ್ನೆ ಕೇಳುವುದು ಅವರನ್ನು, ಉತ್ತರ ಬರುವುದೂ ಅವರಿಂದಲೇ. ಕಾಯಿಲೆ ಯಾರದೋ ಅವರು ಮೇಜಿನ ಅಂಚು ನೋಡುತ್ತ ಕುಳಿತಿರುತ್ತಾರೆ. ಇದನ್ನು ಭಾಷೆಯ ತೊಂದರೆ ಎಂದು ಕರೆದು ನಾವು ಸುಮ್ಮನಾಗುತ್ತೇವೆ. ಭಾಷೆಯ ತೊಂದರೆ ಇರುವುದು ನಿಜ. ಆದರೆ ನಾನು ಕಂಡ ಮಟ್ಟಿಗೆ ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಮಾತನ್ನು ದಾಟಿಸಲು ನಿಂತವರಿಗೆಲ್ಲ ಆ ಕಾಯಿಲೆಯಲ್ಲಿ ತಮ್ಮದೇ ಒಂದು ಲಾಭವೋ ಭಯವೋ ಮುಜುಗರವೋ ಇರುತ್ತದೆ.

ನನಗೆ ಬಂಗಾಳಿ ಬರುತ್ತದೆ. ಬ್ಯಾಂಕಿನ ನೌಕರಿಯಲ್ಲಿದ್ದಾಗ ಕೋಲ್ಕತ್ತಕ್ಕೆ ವರ್ಗವಾಗಿ ಅಲ್ಲಿ ಕಳೆದ ವರ್ಷಗಳ ಗಳಿಕೆ ಅದು. ನಿವೃತ್ತಿಯಾಗಿ ಮಾರತ್ತಹಳ್ಳಿಯ ಆಚೆ ಬಂದು ನೆಲೆಸಿದಾಗ ಆ ಭಾಷೆ ಇಷ್ಟು ಉಪಯೋಗಕ್ಕೆ ಬಂದೀತೆಂದು ಎಣಿಸಿರಲಿಲ್ಲ. ತೂಬರಹಳ್ಳಿ, ಮುನ್ನೇಕೊಳಲು, ಕುಂದಲಹಳ್ಳಿಯ ಸುತ್ತಿನ ತಗಡಿನ ಶೆಡ್ಡುಗಳಲ್ಲಿ ಮುರ್ಷಿದಾಬಾದ್, ನದಿಯಾ, ದಕ್ಷಿಣ 24 ಪರಗಣದಂಥ ಜಿಲ್ಲೆಗಳಿಂದ ಬಂದ ಕುಟುಂಬಗಳಿವೆ. ಗಂಡಸರು ಕಸ ವಿಂಗಡಿಸಲೋ ಕಟ್ಟಡದ ಕೆಲಸಕ್ಕೋ ಹೋಗುತ್ತಾರೆ. ಹೆಂಗಸರು ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ, ಕಸ, ನೆಲ, ಅಡುಗೆ ನೋಡಿಕೊಳ್ಳುತ್ತಾರೆ. ಇಂಥ ಮನೆಯ ದೀದಿಗೆ ಬಾಂಗ್ಲಾ ಬರುತ್ತದಂತೆ ಎಂಬ ಸುದ್ದಿ ಹರಡಲು ಹೆಚ್ಚು ಕಾಲ ಬೇಕಾಗಲಿಲ್ಲ. ಮೊದಲು ಪಾಸ್‌ಬುಕ್ಕು ತೋರಿಸಲು ಬಂದರು, ಆಮೇಲೆ ಮಗುವನ್ನು ಶಾಲೆಗೆ ಸೇರಿಸಲು ಕರೆದರು, ಆಮೇಲೆ ಆಸ್ಪತ್ರೆಗೆ.

ವೈದ್ಯರಿಗೂ ಈ ಹೆಂಗಸರಿಗೂ ನಡುವಿನ ಸೇತುವೆ ಹಿಂದಿ ಎಂದು ಎಲ್ಲರೂ ಭಾವಿಸಿರುತ್ತಾರೆ. ವೈದ್ಯರು ಹುಬ್ಬಳ್ಳಿಯವರೋ ಕೊಟ್ಟಾಯಂನವರೋ ಆಗಿರುತ್ತಾರೆ. ಅವರ ಹಿಂದಿ ಹಾಸ್ಟೆಲಿನಲ್ಲಿ ಕಲಿತದ್ದು. ಹೆಂಗಸರ ಹಿಂದಿ ಕೆಲಸದ ಮನೆಗಳಲ್ಲಿ ಕಲಿತದ್ದು: ಪೋಛಾ, ಬರ್ತನ್, ಕುಕ್ಕರ್, ಎಷ್ಟು ಗಂಟೆಗೆ ಬರಬೇಕು, ನಾಳೆ ರಜೆ ಬೇಕು, ಸ್ವಲ್ಪ ಅಡ್ವಾನ್ಸ್ ಕೊಡಿ. ಬೇರೆಯವರ ಮನೆಯ ಸಾಮಾನುಗಳ ಹೆಸರು ತುಂಬಿರುವ ಆ ಹಿಂದಿಯಲ್ಲಿ ತಮ್ಮ ಮೈಯ ಬಗ್ಗೆ ಅವರು ಯಾರೊಡನೆಯೂ ಎಂದೂ ಮಾತನಾಡಿಲ್ಲ. ಎಲ್ಲಿ ನೋವು ಎಂದರೆ ಹೊಟ್ಟೆ ಮುಟ್ಟಿ ತೋರಿಸುತ್ತಾರೆ. ಆ ನೋವು ಉರಿಯುವಂಥದೋ ಹಿಂಡುವಂಥದೋ, ರಕ್ತ ಹೋಗುವುದು ಮುಟ್ಟಿನ ದಿನಗಳಲ್ಲೋ, ಮುಟ್ಟು ನಿಂತು ವರ್ಷಗಳಾದ ಮೇಲೋ, ಗಂಡನೊಡನೆ ಮಲಗಿದ ಮೇಲೋ ಎಂಬುದೆಲ್ಲ ರೋಗ ಪತ್ತೆಗೆ ಬೇಕಾದ ವಿವರ. ಇವುಗಳಲ್ಲಿ ಕೊನೆಯ ಎರಡೂ ಗರ್ಭಕಂಠದ ಕ್ಯಾನ್ಸರಿನ ಮುಖ್ಯ ಸೂಚನೆಗಳು. ನೆಲ ಒರೆಸಲು ಕಲಿತ ಹಿಂದಿಗೆ ಅಷ್ಟು ಒಳಗಿನ ಸಂಗತಿಯನ್ನು ಹೇಳಲು ಬರುವುದಿಲ್ಲ. ಹಾಗಾಗಿ ಹೊಟ್ಟೆನೋವು ಎಂಬ ಒಂದು ಮಾತಿಗೆ ಗ್ಯಾಸ್ಟ್ರಿಕ್ ಮಾತ್ರೆ ಸಿಗುತ್ತದೆ, ಇನ್ನೂ ಕೆಲವು ತಿಂಗಳು ಕಳೆದುಹೋಗುತ್ತವೆ.

ಇದು ಬಂಗಾಳದಿಂದ ಬಂದವರ ಪಾಡು ಮಾತ್ರ ಎಂದುಕೊಳ್ಳುವಂತಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬಂದವರಿಗೆ ಕನ್ನಡವೇ ಮನೆಮಾತು. ಆದರೂ ಅವರು ‘ಭಾಳ ಬ್ಯಾನಿ ಆಗ್ತದ್ರಿ, ಮೈಯಾಗ ಕಸುವಿಲ್ಲ’ ಎಂದರೆ ಕನ್ನಡವನ್ನು ಆಸ್ಪತ್ರೆಯಲ್ಲೇ ಕಲಿತ ಕಿರಿಯ ವೈದ್ಯರು ಒಂದು ಕ್ಷಣ ತಡವರಿಸುತ್ತಾರೆ; ಅವರು ‘ಬಯಾಪ್ಸಿ ಆಗ್ಲಿ, ಸ್ಟೇಜಿಂಗ್ ನೋಡ್ಕೊಂಡು ಕೀಮೋನಾ ರೇಡಿಯೇಶನ್ನಾ ಅಂತ ಡಿಸೈಡ್ ಮಾಡೋಣ’ ಎಂದರೆ ಈ ಕಡೆಯಿಂದ ‘ಹೂಂರಿ’ ಎಂಬ ಉತ್ತರ ಬರುತ್ತದೆ. ದೊಡ್ಡವರ ಮುಂದೆ ಹೂಂ ಎನ್ನಬೇಕಾದ ಮರ್ಯಾದೆಯ ಹೂಂ ಅದು. ಒಂದು ಲೆಕ್ಕದಲ್ಲಿ ಇವರ ಸ್ಥಿತಿ ಇನ್ನೂ ಕಷ್ಟದ್ದು ಎಂದು ನನಗೆ ಅನ್ನಿಸುತ್ತದೆ. ಬಂಗಾಳಿ ಹೆಂಗಸಿಗೆ ಅರ್ಥವಾಗಿಲ್ಲ ಎಂಬುದಾದರೂ ಎಲ್ಲರ ಕಣ್ಣಿಗೆ ಕಾಣುತ್ತದೆ, ಭಾಷೆ ಬಲ್ಲವರನ್ನು ಹುಡುಕುತ್ತಾರೆ. ಕನ್ನಡದವರಿಗೆ ಕನ್ನಡದಲ್ಲೇ ಹೇಳಿದ್ದಾಯಿತಲ್ಲ ಎಂಬ ಸಮಾಧಾನದಲ್ಲಿ ಎರಡನೆಯ ಸಲ ಯಾರೂ ಹೇಳುವುದಿಲ್ಲ.

ಹೇಳದೆ ಬಿಟ್ಟ ಒಂದು ಸಣ್ಣ ಸಂಗತಿ ಏನು ಮಾಡಬಲ್ಲದು ಎಂಬುದಕ್ಕೆ ಕ್ಷಯದ ಚಿಕಿತ್ಸೆ ಒಳ್ಳೆಯ ಉದಾಹರಣೆ. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಮಾತ್ರೆ ನುಂಗಬೇಕು. ಅದರಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿಯಿಂದ ಮೂತ್ರ ಕೆಂಪು ಬೆರೆತ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬೆವರು ಕಣ್ಣೀರುಗಳಿಗೂ ಆ ಬಣ್ಣ ಬರಬಹುದು. ಅದರಿಂದ ಹಾನಿಯೇನೂ ಇಲ್ಲ. ಮೊದಲೇ ಹೇಳಿದ್ದರೆ ಅದು ಏನೂ ಅಲ್ಲದ ಸಂಗತಿ. ಹೇಳದಿದ್ದರೆ, ಕೆಲಸದ ಮನೆಯ ಬಚ್ಚಲಲ್ಲಿ ಅದನ್ನು ಕಂಡ ಹೆಂಗಸು ತನಗೆ ರಕ್ತ ಹೋಗುತ್ತಿದೆ, ಮಾತ್ರೆ ಉಷ್ಣ ಮಾಡಿದೆ ಎಂದುಕೊಂಡು ಯಾರಿಗೂ ತಿಳಿಸದೆ ಮಾತ್ರೆ ಬಿಡುತ್ತಾಳೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ಜ್ವರ ಇಳಿಯುವುದರಿಂದ ಬಿಟ್ಟದ್ದೇ ಸರಿಯಾಯಿತು ಎಂದೂ ತೋರುತ್ತದೆ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಹಣ ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ, ಖಾತೆಯ ಜೊತೆಗಿರುವ ಮೊಬೈಲ್ ಸಂಖ್ಯೆ ಬಹುತೇಕ ಗಂಡನದು. ಹಣ ಬಂದ ಸುದ್ದಿಯಷ್ಟೇ ಅಲ್ಲ, ಆಸ್ಪತ್ರೆಯಿಂದ ಬರುವ ಕರೆ, ಪರೀಕ್ಷೆಯ ದಿನಾಂಕ, ಆಧಾರ್ ಒಟಿಪಿ ಎಲ್ಲವೂ ಯಾವುದೋ ಕಟ್ಟಡದ ಏಳನೆಯ ಮಹಡಿಯಲ್ಲಿ ಸೆಂಟ್ರಿಂಗ್ ಕಟ್ಟುತ್ತಿರುವವನ ಜೇಬಿನಲ್ಲಿ ರಿಂಗಣಿಸುತ್ತವೆ. ರಾತ್ರಿ ಮನೆಗೆ ಬಂದು ಅವನು ನೆನಪಿಟ್ಟು ಹೇಳಿದರೆ ಉಂಟು.

ಮಕ್ಕಳ ವಿಷಯಕ್ಕೆ ಬರುತ್ತೇನೆ. ಈ ಶೆಡ್ಡುಗಳಲ್ಲಿ ಕನ್ನಡವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತಿರುವವರು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಹೋಗುವ ಮಕ್ಕಳು. ಆಸ್ಪತ್ರೆಗೆ ಹೊರಟ ತಾಯಿ ಶಾಲೆ ತಪ್ಪಿಸಿ ಮಗಳನ್ನು ಜೊತೆಗೆ ಕರೆದೊಯ್ಯುವುದು ಸಹಜವೇ. ಏಳನೆಯ ತರಗತಿಯ ಅಂಥ ಹುಡುಗಿಯೊಬ್ಬಳು ತಾಯಿಯ ಮೊದಲ ಎರಡು ಭೇಟಿಗಳಲ್ಲಿ ಮಾತು ದಾಟಿಸಿದ್ದಳು. ಮುಂದಿನ ಭೇಟಿಗೆ ನಾನು ಹೋದೆ. ಹಿಂದಿನ ಚೀಟಿಯಲ್ಲಿ, ದೈಹಿಕ ಸಂಪರ್ಕದ ನಂತರ ರಕ್ತ ಹೋಗುತ್ತದೆಯೇ ಎಂಬ ಪ್ರಶ್ನೆಯ ಎದುರಿಗೆ ಇಲ್ಲ ಎಂದು ಬರೆದಿತ್ತು. ಅದೇ ಪ್ರಶ್ನೆಯನ್ನು ಕಿವಿಯ ಹತ್ತಿರ ಬಾಗಿ ನಾನು ಬಂಗಾಳಿಯಲ್ಲಿ ಕೇಳಿದಾಗ ಆಕೆ ಬಹಳ ಹೊತ್ತು ಸುಮ್ಮನಿದ್ದು, ವರ್ಷದ ಮೇಲಾಯಿತು ಎಂದರು. ಮಗಳು ಆ ಪ್ರಶ್ನೆಯನ್ನು ತಾಯಿಗೆ ದಾಟಿಸಿಯೇ ಇರಲಿಲ್ಲ, ತಾನೇ ಇಲ್ಲ ಎಂದುಬಿಟ್ಟಿದ್ದಳು. ಹನ್ನೆರಡರ ಹುಡುಗಿ ಇನ್ನೇನು ಮಾಡಬೇಕಿತ್ತು? ವೈದ್ಯರಿಗಾದರೂ ಆ ಪ್ರಶ್ನೆ ಮಗುವಿನ ಬಾಯಲ್ಲಿ ಹೋಗಬಾರದೆಂದು ಹೊಳೆಯಬೇಕಿತ್ತಲ್ಲ ಎಂದು ನನಗೆ ಸಿಟ್ಟು ಬಂದದ್ದು ಹೌದು. ಆದರೆ ಹೊರಗೆ ಸಾಲಿನಲ್ಲಿ ನಿಂತವರನ್ನು ಕಂಡಾಗ ಆ ಸಿಟ್ಟನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳಲಾಗಲಿಲ್ಲ. ಇದಕ್ಕೆ ಇನ್ನೊಂದು ಮಗ್ಗುಲಿದೆ. ಕ್ಯಾನ್ಸರ್ ಎಂಬ ಮಾತು ತಾಯಿಗಿಂತ ಮೊದಲು ಬೀಳುವುದು ಮಗುವಿನ ಕಿವಿಗೆ. ಅದನ್ನು ತಾಯಿಗೆ ಹೇಳಬೇಕೋ ಬೇಡವೋ ಎಂಬ ತೀರ್ಮಾನವನ್ನು ಆ ಮಗು ಬಿಎಂಟಿಸಿ ಬಸ್ಸಿನಲ್ಲಿ ಮನೆಗೆ ಹೋಗುವಷ್ಟರಲ್ಲಿ ಒಬ್ಬಳೇ ಮಾಡಬೇಕಾಗುತ್ತದೆ.

ಗಂಡಸರ ವಿಷಯ ಬೇರೆ. ಗಂಡ ದುಭಾಷಿಯಾಗಿ ನಿಂತರೆ ಚಿಕಿತ್ಸೆಗೆ ಎಷ್ಟು ಖರ್ಚು, ಎಷ್ಟು ದಿನ, ಅಡುಗೆ ಯಾರು ಮಾಡುವವರು ಎಂಬಲ್ಲಿಂದ ಮಾತು ಹೊರಡುತ್ತದೆ. ಗರ್ಭಕಂಠದ ಕ್ಯಾನ್ಸರಿಗೆ ವಾರದಲ್ಲಿ 5 ದಿನದಂತೆ ಸುಮಾರು 5 ವಾರ ದಿನವೂ ರೇಡಿಯೇಶನ್, ಜೊತೆಗೆ ವಾರಕ್ಕೊಮ್ಮೆ ಕೀಮೋ, ಕೊನೆಗೆ ಬ್ರಾಕಿಥೆರಪಿ ಎಂಬ, ಒಳಗಿನಿಂದ ಕೊಡುವ ರೇಡಿಯೇಶನ್ ಇರುತ್ತದೆ. ಮುಟ್ಟು ನಿಲ್ಲುತ್ತದೆ, ಕೂಡುವಾಗ ನೋವಾಗಬಹುದು ಎಂಬುದನ್ನು ಹೆಂಡತಿಗೆ ಹೇಳಿ ಎಂದು ವೈದ್ಯರು ಗಂಡನಿಗೆ ಹೇಳಿದರೆ, ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸುವಂತೆ ಮಾಡಿರುವುದು ಯಜಮಾನಿ ಜೊತೆಗೆ ಬಂದ ಸಂದರ್ಭಗಳು. ಬಂದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಸ್ಕ್ಯಾನಿಂಗಿನ ದುಡ್ಡು ಕೊಟ್ಟವರು, ಪರಿಚಯದ ವೈದ್ಯರಿಗೆ ಫೋನ್ ಮಾಡಿ ಬೇಗ ಸಮಯ ಕೊಡಿಸಿದವರು, ಅರ್ಧ ದಿನ ರಜೆ ಹಾಕಿ ಕಾರಿನಲ್ಲಿ ಕರೆತಂದವರು. ಒಳಗೆ ಹೋದೊಡನೆ ವೈದ್ಯರಿಗೂ ಅವರಿಗೂ ಇಂಗ್ಲಿಷಿನಲ್ಲಿ ಮಾತು ಶುರುವಾಗುತ್ತದೆ. ಅದೇ ವೈದ್ಯರು ರೋಗಿ ಒಬ್ಬರೇ ಬಂದಿದ್ದರೆ ಒಂದು ನಿಮಿಷದಲ್ಲಿ ಮುಗಿಸುತ್ತಿದ್ದ ಭೇಟಿ ಹತ್ತು ನಿಮಿಷಕ್ಕೆ ಬೆಳೆಯುತ್ತದೆ. ರೋಗದ ಹಂತ, ಉಳಿದಿರುವ ಸಾಧ್ಯತೆಗಳು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ. ಹೊರಗೆ ಬಂದ ಯಜಮಾನಿ, ಏನೂ ಆಗೋಲ್ಲ, ಟ್ರೀಟ್‌ಮೆಂಟ್ ತಗೊಂಡರೆ ಸರಿಹೋಗ್ತೀಯ, ಧೈರ್ಯವಾಗಿರು ಎನ್ನುತ್ತಾರೆ. ಅವರ ಮಟ್ಟಿಗೆ ಅದು ಕರುಣೆ. ಸಂಜೆಯೊಳಗೆ ಆ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ನಮ್ಮ ಮನೆಯಾಕೆಗೆ ಕ್ಯಾನ್ಸರ್ ಅಂತೆ ಪಾಪ, ಕೆಲವು ತಿಂಗಳಿಗೆ ಬೇರೆಯವರು ಯಾರಾದರೂ ಇದ್ದರೆ ತಿಳಿಸಿ ಎಂಬ ಸಂದೇಶ ಇರುತ್ತದೆ. ಉಳಿದ ಮೂರು ಮನೆಗಳ ಕೆಲಸ ಅಲ್ಲಿಗೆ ಹೋಯಿತು. ತನಗೇನಾಗಿದೆ ಎಂದು ಪೂರ್ತಿ ತಿಳಿಯುವ ಮೊದಲೇ ಅದು ಹೋಯಿತು. ಕ್ಷಯವಾದರಂತೂ ಕೇಳುವುದೇ ಬೇಡ. ಚಿಕಿತ್ಸೆ ಶುರುವಾದ ಕೆಲವು ವಾರಗಳಲ್ಲಿ ಹರಡುವ ಭಯ ಬಹುಪಾಲು ಕಡಿಮೆಯಾಗುತ್ತದೆ ಎಂದು ಗುಂಪಿನಲ್ಲಿ ಬರೆದು ನಂಬಿಸುವವರು ಯಾರು?

ಇದನ್ನು ಬಲ್ಲ ಹೆಂಗಸರು ಕಾಯಿಲೆಯನ್ನು ಮುಚ್ಚಿಡುತ್ತಾರೆ. ಯಜಮಾನಿಗೆ ಹೇಳುವುದಿಲ್ಲ, ಯಜಮಾನಿ ಜೊತೆಗಿದ್ದಾಗ ವೈದ್ಯರಿಗೂ ಹೇಳುವುದಿಲ್ಲ. ಓದಿದವರು ಕೆಲವರು ಇದಕ್ಕೆ ಅಜ್ಞಾನ ಎಂದು ಹೆಸರಿಡುತ್ತಾರೆ. ನನಗೆ ಇದು ಸರಿಯಾದ ಲೆಕ್ಕಾಚಾರವಾಗಿಯೇ ಕಾಣುತ್ತದೆ. ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ ಮೊದಲ ರಾಜ್ಯ ಕರ್ನಾಟಕ, ಅದು 2004ರಷ್ಟು ಹಿಂದಿನ ಮಾತು. ಆದರೂ ಕಾರ್ಖಾನೆಯ ಕೆಲಸಗಾರರಿಗಿರುವ ಇಎಸ್‌ಐ ಆರೋಗ್ಯ ವಿಮೆಯಂಥ ರಕ್ಷಣೆ ಇವರಿಗೆ ಸಿಗಲಿಲ್ಲ, ಕಾಯಿಲೆಯ ರಜೆಗೆ ಸಂಬಳ ಎಂಬುದು ಯಜಮಾನಿಯ ಮನಸ್ಸಿಗೆ ಬಿಟ್ಟದ್ದಾಗಿಯೇ ಉಳಿಯಿತು. ಮನೆಗೆಲಸಗಾರರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆಗೆ ಭಾರತ ಇನ್ನೂ ಸ್ಥಿರೀಕರಣ ನೀಡಿಲ್ಲ. ಹಾಂಗ್‌ಕಾಂಗಿನಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾಗಳಿಂದ ಬಂದು ದುಡಿಯುವವರ ಕರಾರಿನಲ್ಲಿ ಚಿಕಿತ್ಸೆಯ ವೆಚ್ಚ ಯಜಮಾನನದೇ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ನಮಗಿಂತ ಎಷ್ಟೋ ಮುಂದಿರುವ ಆ ವ್ಯವಸ್ಥೆಯಲ್ಲೂ ಬಿಲ್ಲು ಹೋಗುವುದು ಯಜಮಾನನ ಕೈಗೆ, ಕೆಲಸ ಹೋದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಆ ನೆಲ ಬಿಡಬೇಕು. ಹಾಗಾಗಿ ಕಾಯಿಲೆಯನ್ನು ಹೇಳಬೇಕೆ ಬೇಡವೇ ಎಂಬ ಲೆಕ್ಕಾಚಾರ ಅಲ್ಲಿನ ಹೆಂಗಸರಿಗೂ ತಪ್ಪಿದ್ದಲ್ಲ.

ಬಂಗಾಳಿ ಮಾತನಾಡುವವರಿಗೆ ಇನ್ನೊಂದು ಭಯವಿದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ, ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಗುಲ್ಲಿನ ನಡುವೆ ಶೆಡ್ಡುಗಳನ್ನು ಕೆಡವಿದರು. ಮನೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ಪ್ರಕರಣ ಹೈಕೋರ್ಟಿನವರೆಗೂ ಹೋಯಿತು. ಅದಾದ ಮೇಲೆ ಎಲ್ಲಿರುತ್ತೀರಿ, ಯಾವ ಊರು ಎಂದು ನೋಂದಣಿ ಕೌಂಟರಿನಲ್ಲಿ ಕೇಳುವ ಸಾದಾ ಪ್ರಶ್ನೆಯೂ ಇವರ ಕಿವಿಗೆ ಸಾದಾ ಆಗಿ ಉಳಿದಿಲ್ಲ. ಕೆಲವರು ಹಳೆಯ ವಿಳಾಸ ಕೊಡುತ್ತಾರೆ, ಕೆಲವರು ಪರಿಚಯದವರ ಫೋನ್ ಸಂಖ್ಯೆ ಬರೆಸುತ್ತಾರೆ. ಮುಂದೆ ಬಯಾಪ್ಸಿಯ ವರದಿ ಬಂದಾಗ ಆಸ್ಪತ್ರೆಯವರಿಗೆ ಅವರನ್ನು ಹುಡುಕಲಾಗುವುದಿಲ್ಲ. ಚಿಕಿತ್ಸೆ ಬಿಟ್ಟುಹೋದ ರೋಗಿ ಎಂದು ಕಡತದಲ್ಲಿ ಬರೆದು ಮುಚ್ಚುತ್ತಾರೆ. ಆರೋಗ್ಯ ಕಾರ್ಡಿನ ಕಥೆಯೂ ಇಂಥದೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ. ಪಶ್ಚಿಮ ಬಂಗಾಳ 2019ರ ಜನವರಿಯಲ್ಲಿ ಆಯುಷ್ಮಾನ್‌ನಿಂದ ಹೊರನಡೆದು ತನ್ನದೇ ಆರೋಗ್ಯ ಯೋಜನೆಯಾದ ಸ್ವಾಸ್ಥ್ಯ ಸಾಥಿಯನ್ನೇ ನಡೆಸಿದ್ದರಿಂದ, ಊರಿನಿಂದ ಜೋಪಾನವಾಗಿ ತಂದ ಕಾರ್ಡನ್ನು ಇಲ್ಲಿನ ಕೌಂಟರಿನಲ್ಲಿ ತಿರುಗಿಸಿ ನೋಡಿ ವಾಪಸು ಕೊಡುವುದನ್ನು ನಾನು ಕಂಡಿದ್ದೇನೆ. ಏಕೆ ನಡೆಯುವುದಿಲ್ಲ ಎಂದು ವಿವರಿಸುವವರಿಲ್ಲದ ಕಾರಣ ಆ ಹೆಂಗಸು ತಿಳಿದುಕೊಂಡದ್ದು, ತನ್ನ ಕಾರ್ಡು ಖೋಟಾ ಎಂದು ಇವರಿಗೆ ಅನುಮಾನ ಬಂದಿದೆ ಎಂದು. ಆಕೆ ಮತ್ತೆ ಆ ಕಡೆ ಬರಲಿಲ್ಲ.

ಕಾನೂನಿನ ಪುಸ್ತಕ ತೆರೆದರೆ ಎಲ್ಲವೂ ಚೆನ್ನಾಗಿಯೇ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿಯ ಪರವಾಗಿ ಬೇರೆಯವರು ಒಪ್ಪಿಗೆ ಕೊಡಬಹುದೇ ಎಂಬುದನ್ನು ಸುಪ್ರೀಂ ಕೋರ್ಟು 2008ರಲ್ಲೇ ಇತ್ಯರ್ಥಪಡಿಸಿದೆ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ತಾಯಿಗೇ ಇಲ್ಲದ ಆ ಅಧಿಕಾರವನ್ನು ಯಜಮಾನಿಗೂ ಏಳನೆಯ ತರಗತಿಯ ಹುಡುಗಿಗೂ ನಾವು ದಿನನಿತ್ಯ ಕೊಡುತ್ತಿದ್ದೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೂಪದಲ್ಲಿ ಮಾಹಿತಿ ಕೊಡಬೇಕೆಂದು ಸ್ಪಷ್ಟವಾಗಿ ವಿಧಿಸುತ್ತದೆ. ಆದರೆ ಈ ಕೆಲಸಕ್ಕೆ ಆಸ್ಪತ್ರೆಯಲ್ಲಿ ಒಂದು ಹುದ್ದೆ ಬೇಕಲ್ಲ. ರಕ್ತ ತೆಗೆಯಲು, ಬಿಲ್ಲು ಬರೆಯಲು, ಗಾಲಿಕುರ್ಚಿ ತಳ್ಳಲು ಜನರಿದ್ದಾರೆ. ಮಾತು ದಾಟಿಸಲು ಸಂಬಳದವರೊಬ್ಬರು ಇರುವ ಸರ್ಕಾರಿ ಆಸ್ಪತ್ರೆಯನ್ನು ನಾನು ಈ ಊರಿನಲ್ಲಿ ಇನ್ನೂ ಕಂಡಿಲ್ಲ. ಕೇರಳದ ಎರ್ನಾಕುಲಂನಲ್ಲಿ ವಲಸಿಗರ ನಡುವಿನಿಂದಲೇ ಆರಿಸಿ, ಬಂಗಾಳಿ, ಒಡಿಯಾ, ಹಿಂದಿ ಬಲ್ಲವರನ್ನು ಲಿಂಕ್ ವರ್ಕರ್‌ಗಳೆಂದು ಆರೋಗ್ಯ ಇಲಾಖೆಯ ಕೆಲಸಕ್ಕೆ ಬಳಸಿಕೊಂಡಿದ್ದಾರೆ. ಇಲ್ಲಿಯೂ ಅದು ಅಸಾಧ್ಯದ ಮಾತೇನಲ್ಲ.

ನಮ್ಮವರೇ ಆಚೆಗೆ ಹೋದಾಗಿನ ಸ್ಥಿತಿಯನ್ನು ನೆನೆದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕೊಪ್ಪಳ, ಗದಗ, ಬಾಗಲಕೋಟೆಯ ಕಡೆಯಿಂದ ಹೋಗಿ ವಾಸ್ಕೊ, ಮಡಗಾಂವದ ಮನೆಗಳಲ್ಲಿ ದುಡಿಯುವ ಹೆಂಗಸರು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಹೋದರೆ, ಅಲ್ಲಿ ಕೊಂಕಣಿ ಮರಾಠಿಗಳ ನಡುವೆ ಇವರ ಕನ್ನಡವೇ ಪರಭಾಷೆ. 2018ರಿಂದ ಅಲ್ಲಿ ಗೋವಾದವರಲ್ಲದ ರೋಗಿಗಳಿಗೆ ಶುಲ್ಕ ವಿಧಿಸಿದ್ದಾರೆ, ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ 5 ವರ್ಷದ ವಾಸದ ದಾಖಲೆ ಬೇಕು. ಬಾಡಿಗೆ ಕರಾರೇ ಇಲ್ಲದ ಕೋಣೆಯಲ್ಲಿ ಹತ್ತು ವರ್ಷ ಕಳೆದವರು ಅದನ್ನು ಎಲ್ಲಿಂದ ತರುತ್ತಾರೆ?

ದುಭಾಷಿಯ ಕೆಲಸದ ಬಗ್ಗೆ ಒಂದೆರಡು ಮಾತು, ಏಕೆಂದರೆ ಭಾಷೆ ಬಂದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ನಾನು ಈಗ ವೈದ್ಯರ ಪಕ್ಕಕ್ಕಾಗಲಿ ಎದುರಿಗಾಗಲಿ ಕೂರುವುದಿಲ್ಲ. ರೋಗಿಯ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಕೂರುತ್ತೇನೆ. ಆಗ ವೈದ್ಯರ ಕಣ್ಣು ತಾನಾಗಿಯೇ ರೋಗಿಯ ಮೇಲೆ ಬೀಳುತ್ತದೆ. ವೈದ್ಯರು ಹೇಳಿದಷ್ಟನ್ನೇ ಹೇಳಬೇಕು. ದೇವರಿದ್ದಾನೆ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸುವ ಆಸೆ ಬಲವಾಗಿರುತ್ತದೆ, ಅದನ್ನು ನುಂಗಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ, ಈಗ ನೀವು ಮನೆಗೆ ಹೋಗಿ ಗಂಡನಿಗೆ ಏನು ಹೇಳುತ್ತೀರಿ, ನನಗೊಮ್ಮೆ ಹೇಳಿ ಎಂದು ಕೇಳುತ್ತೇನೆ. ಅರ್ಥವಾಯಿತೇ ಎಂಬ ಪ್ರಶ್ನೆಗೆ ಹೌದು ಎಂದವರು ಈ ಪ್ರಶ್ನೆಗೆ ಕೊಡುವ ಉತ್ತರ ಕೇಳಿ ವೈದ್ಯರೇ ಮತ್ತೆ ಕುರ್ಚಿ ಎಳೆದುಕೊಂಡು ಮೊದಲಿನಿಂದ ಶುರುಮಾಡಿದ್ದುಂಟು.

ರೋಗಿಗೆ ಹೇಳಬೇಡಿ ಎಂಬ ಕೋರಿಕೆ ನಮ್ಮಲ್ಲಿ ಎಲ್ಲ ವರ್ಗದ ಮನೆಗಳಲ್ಲೂ ಇದೆ, ಅದು ಪ್ರೀತಿಯಿಂದಲೇ ಬರುತ್ತದೆ. ಆದರೆ ವಲಸೆ ಬಂದ ಹೆಂಗಸಿಗೆ ಅದರ ಬೆಲೆ ಹೆಚ್ಚು. ಊರಿನಲ್ಲಿ ಬಿಟ್ಟು ಬಂದ ಮಗ, ಚೀಟಿಯಲ್ಲಿ ಕಟ್ಟಿದ ಹಣ, ಯಾವುದೋ ಮನೆಯಲ್ಲಿ ಬಾಕಿ ಇರುವ ಸಂಬಳ, ಮನೆಗೆ ವಾಪಸಾಗಬೇಕಾದ ಎರಡು ಹಗಲು ಎರಡು ರಾತ್ರಿಯ ರೈಲು ಪ್ರಯಾಣ, ಇವನ್ನೆಲ್ಲ ಮೈಯಲ್ಲಿ ಶಕ್ತಿ ಇರುವಾಗಲೇ ಮುಗಿಸಿಕೊಳ್ಳಬೇಕು. ಇನ್ನೆಷ್ಟು ಕಾಲ ಎಂಬ ಅಂದಾಜು ಸಿಗದಿದ್ದರೆ ಅವರು ಹೊರಡುವುದೇ ಇಲ್ಲ. ಹೊರಡಬೇಕೆಂದಾಗ ರೈಲು ಹತ್ತುವ ಸ್ಥಿತಿಯಲ್ಲಿರುವುದಿಲ್ಲ. ನಗರದಲ್ಲಿ ಕರುಣಾಶ್ರಯದಂಥ, ಹಣ ಪಡೆಯದೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ತಾಣ ಇದೆ ಎಂಬುದಾಗಲಿ, ಚಿಕಿತ್ಸೆಗೆಂದು ಓಡಾಡುವ ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ ಎಂಬುದಾಗಲಿ, ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ತೀವ್ರ ನೋವು ತಗ್ಗಿಸುವ ಮಾರ್ಫಿನ್ ಕೊಡುವುದು ಸುಲಭವಾಗಿದೆ ಎಂಬುದಾಗಲಿ, ಕಾಯಿಲೆಯ ಹೆಸರನ್ನೇ ಮುಚ್ಚಿಟ್ಟ ಮೇಲೆ ಹೇಳುವುದು ಹೇಗೆ?

ಕಳೆದ ಮಳೆಗಾಲದಲ್ಲಿ ನದಿಯಾ ಜಿಲ್ಲೆಯ ಒಬ್ಬರೊಡನೆ ಉಪಶಾಮಕ ಚಿಕಿತ್ಸೆಯ, ಎಂದರೆ ಗಂಭೀರ ಕಾಯಿಲೆಯವರ ನೋವು ಸಂಕಟ ತಗ್ಗಿಸುವ ಚಿಕಿತ್ಸೆಯ, ವೈದ್ಯೆಯೊಬ್ಬರ ಬಳಿಗೆ ಹೋಗಿದ್ದೆ. ವೈದ್ಯೆ ಮೊದಲು ಕೇಳಿದ್ದು, ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕು, ಬೇರೆ ಯಾರಿಗೆ ಎಷ್ಟು ತಿಳಿಸಬೇಕು ಎಂದು. ಆ ಪ್ರಶ್ನೆಯನ್ನು ದಾಟಿಸಿದಾಗ ಆಕೆ ನನ್ನನ್ನೇ ನೋಡಿ, ಅದನ್ನು ನಾನು ಹೇಳಬಹುದೇ ದೀದಿ ಎಂದರು. ಆಮೇಲೆ ಬಹಳ ವ್ಯವಸ್ಥಿತವಾಗಿ ಹೇಳಿದರು. ತನಗೆ ಎಲ್ಲವೂ ತಿಳಿಯಬೇಕು. ಗಂಡನಿಗೆ ಡಾಕ್ಟರೇ ಹೇಳಬೇಕು, ತಾನು ಹೇಳಿದರೆ ಕೆಲಸ ತಪ್ಪಿಸಲು ನೆಪ ಎನ್ನುತ್ತಾನೆ. ಊರಿನಲ್ಲಿರುವ ಮಗನಿಗೆ ಹತ್ತನೆಯ ತರಗತಿಯ ಮಾಧ್ಯಮಿಕ ಪರೀಕ್ಷೆ ಮುಗಿಯುವವರೆಗೆ ಬೇಡ. ಅತ್ತೆಗೆ ಬೇಡವೇ ಬೇಡ. ಕೆಲಸದ ಮನೆಗಳ ಪೈಕಿ ಮೂರು ಮನೆಯವರಿಗೆ, ಊರಿಗೆ ಹೋಗುತ್ತಿದ್ದೇನೆ ಎಂದಷ್ಟೇ ಸಾಕು. ನಾಲ್ಕನೆಯ ಮನೆಯ ಅಜ್ಜಿಗೆ ಮಾತ್ರ ನಿಜ ಹೇಳಬೇಕು, ಅವರು ಯಾರಿಗೂ ಹೇಳುವುದಿಲ್ಲ, ಎರಡು ತಿಂಗಳ ಸಂಬಳವನ್ನೂ ಕೊಡುತ್ತಾರೆ. ವೈದ್ಯೆ ಅಷ್ಟನ್ನೂ ಕಡತದಲ್ಲಿ ಬರೆದುಕೊಂಡು, ಗಂಡನ ಸಂಖ್ಯೆ ಯಾವುದು, ಯಾವ ಹೊತ್ತಿಗೆ ಫೋನ್ ಮಾಡಿದರೆ ಸಿಗುತ್ತಾರೆ ಎಂದು ಕೇಳಿದರು. ರಾತ್ರಿ ಎಂಟರ ಮೇಲೆ ಎಂದು ಆಕೆಯೇ ಹಿಂದಿಯಲ್ಲಿ ಹೇಳಿದರು.